ಎರಡು ಕೊಂಬೆ ಜಾಜಿ

ಕ್ರಿ. ಶ. 941ರ ಸುಮಾರಿಗೆ ‘ವಿಕ್ರಮಾರ್ಜುನ ವಿಜಯ’ವನ್ನು ರಚಿಸಿದ ಪಂಪನು ಬನವಾಸಿಯನ್ನು ನೆನೆಯುವಾಗ ಅಲ್ಲಿಯ ಹೂತ ಜಾಜಿಯನ್ನೂ ಮರೆಯಲಿಲ್ಲ. ಆ ಪದ್ಯವನ್ನು ಹತ್ತು ವರ್ಷಗಳಿಂದ ತರಗತಿಯಲ್ಲಿ ವಿವರಿಸುತ್ತ ಬಂದಿರುವ ನನಗೆ, ಜಾಜಿಯ ಒಂದು ಕಡ್ಡಿಗೆ ಬೇರು ಬರಿಸುವ ವಿದ್ಯೆ ಮಾತ್ರ ತಿಳಿದಿರಲಿಲ್ಲವೆಂದು ಸಂಕೋಚದಿಂದಲೇ ಒಪ್ಪಿಕೊಳ್ಳಬೇಕು.

ತಿಪಟೂರಿನ ಕಡೆಯ ನಮ್ಮ ಹಳೆಯ ಮನೆಯ ಬಾವಿಕಟ್ಟೆಯ ಬಳಿ, ಚಪ್ಪರದ ತುಂಬ ಹಬ್ಬಿದ ಜಾಜಿಯೊಂದಿತ್ತು. ಅಜ್ಜಿ ಮದುವೆಯಾಗಿ ಬಂದ ವರ್ಷ ತವರಿನಿಂದ ತಂದು ನೆಟ್ಟದ್ದಂತೆ. ಬೆನ್ನಿನಲ್ಲಿ ನಸುಗೆಂಪು ಹೊತ್ತ ಅದರ ಮೊಗ್ಗುಗಳು ಸಂಜೆ ಬಿರಿದರೆ ನಡುಮನೆಯವರೆಗೂ ಪರಿಮಳ.

ತಂದೆಯವರು ತೀರಿಕೊಂಡ ಮೇಲೆ ಮನೆಯನ್ನು ಮಾರೋಣವೆಂದು ಅಣ್ಣ, ಕೂಡದೆಂದು ನಾನು. ನಾಲ್ಕು ಮಾತು ಬೆಳೆದು, ಕಡೆಗೆ ಮಾತೇ ನಿಂತುಹೋಯಿತು. ಮನೆ ಮಾರುವುದೆಂದೇ ನಿಶ್ಚಯವಾಯಿತು. ಅಮ್ಮ ಯಾರ ಪಕ್ಷವನ್ನೂ ವಹಿಸಲಿಲ್ಲ. “ಬಳ್ಳಿಯ ಗತಿ ಏನೋ!” ಎಂದಷ್ಟೇ ಅಂದಳು.

ವೈಶಾಖದ ಬಿಸಿಲಿನಲ್ಲಿ ಹನ್ನೆರಡು ಕಡ್ಡಿಗಳನ್ನು ಕತ್ತರಿಸಿ, ಒದ್ದೆಬಟ್ಟೆ ಸುತ್ತಿ, ಮೈಸೂರಿಗೆ ತಂದು ಕುಂಡಗಳಲ್ಲಿ ನೆಟ್ಟೆ. ಎಲೆ ಕೀಳಲು ಮನಸ್ಸಾಗಲಿಲ್ಲ. ಹೊತ್ತುಹೊತ್ತಿಗೆ ನೀರು ಸುರಿದೆ. ಹದಿನೈದು ದಿನ ಹಸಿರಾಗಿದ್ದು, ಆಮೇಲೆ ಒಂದೊಂದೇ ಕಪ್ಪಾದವು. “ಪಾಠ ಹೇಳಿದಷ್ಟು ಸುಲಭವಲ್ಲ ಬಿಡಿ” ಎಂದಳು ನನ್ನಾಕೆ. ಬೇರಿಲ್ಲದ ಕಡ್ಡಿ ಸಾಕಷ್ಟು ನೀರು ಹೀರಲಾರದು. ಎಲೆಗಳಾದರೋ ಇದ್ದ ನೀರನ್ನು ಆವಿಯಾಗಿ ಬಿಡುತ್ತಲೇ ಇರುತ್ತವೆ. ನಿಂತ ನೀರಿನಲ್ಲಿ ಬುಡ ಕೊಳೆಯುತ್ತದೆ. ಮಳೆಗಾಲದ ಮೊದಲಲ್ಲಿ ಪೆನ್ಸಿಲಿನ ದಪ್ಪದ, ನಾಲ್ಕು ಗೆಣ್ಣುಗಳ ಕಡ್ಡಿಯನ್ನು ಆರಿಸಿ, ಕೆಳಗಿನ ಎಲೆಗಳನ್ನು ತೆಗೆದು, ಎರಡು ಗೆಣ್ಣು ಮರಳು ಬೆರೆತ ಮಣ್ಣಿನೊಳಗಿರುವಂತೆ ನೆಟ್ಟು, ನೆರಳಿನಲ್ಲಿಟ್ಟಿದ್ದರೆ ಕೆಲವಾದರೂ ಉಳಿಯುತ್ತಿದ್ದವು.

ಅಮ್ಮನಿಗೆ ವಿಷಯ ತಿಳಿಸಿದಾಗ ನಕ್ಕಳು. “ತಾಯಿಯಿಂದ ಕತ್ತರಿಸಿಬಿಟ್ಟು, ಬೇರು ಬಿಡು ಅಂದರೆ ಹೇಗೆ ಬಿಟ್ಟೀತಪ್ಪಾ? ಮೊದಲು ಬೇರು ಬರಲಿ, ಆಮೇಲೆ ಕತ್ತರಿಸು.”

ಆಷಾಢದಲ್ಲಿ ಊರಿಗೆ ಹೋದಾಗ ಆಕೆಯ ಕೆಲಸವನ್ನು ಕಣ್ಣಾರೆ ಕಂಡೆ. ನೆಲದ ಸಮೀಪದ ಎಳೆಯ ಕೊಂಬೆಯನ್ನು ಬಾಗಿಸಿ, ಗೆಣ್ಣಿನ ಕೆಳಗೆ ಓರೆಯಾಗಿ ತುಸು ಸೀಳಿದಳು. ಸೀಳು ಕೂಡಿಕೊಳ್ಳದಂತೆ ಒಂದು ಸಣ್ಣ ಕಡ್ಡಿ ಸಿಕ್ಕಿಸಿ, ಆ ಭಾಗವನ್ನು ಮೂರು ಅಂಗುಲ ಮಣ್ಣಿನಲ್ಲಿ ಹುದುಗಿಸಿ, ತುದಿಯನ್ನು ಮೇಲಕ್ಕೆ ಬಿಟ್ಟಳು. ತೇವ ಆರದಂತೆ ತೆಂಗಿನ ಸಿಪ್ಪೆ, ಅಲುಗದಂತೆ ಒಂದು ಕಲ್ಲು. ಎಲೆಯಿಂದ ಇಳಿಯುವ ಆಹಾರ ಗಾಯದ ಬಳಿ ತಡೆದು ಹೊಸ ಬೇರಿಗೆ ಒದಗುತ್ತದೆ. ಅಲ್ಲಿಯ ತನಕ ತಾಯಿಬಳ್ಳಿಯೇ ನೀರುಣಿಸುತ್ತದೆ. ಹೀಗೆ ಎರಡು ಕೊಂಬೆಗಳನ್ನು ಊರಿದಳು. ಒಂದು ಹೋದರೂ ಒಂದಿರಲೆಂಬ ಮುಂದಾಲೋಚನೆ ಎಂದುಕೊಂಡೆ.

ನವರಾತ್ರಿಯ ವೇಳೆಗೆ ಎರಡೂ ಬೇರುಬಿಟ್ಟಿದ್ದವು. ತಾಯಿಬಳ್ಳಿಯಿಂದ ಬಿಡಿಸಿ, ಒಂದು ವಾರ ಇದ್ದಲ್ಲಿಯೇ ಬಿಟ್ಟು, ಮಣ್ಣುಸಮೇತ ಕುಂಡಗಳಿಗೆ ಏರಿಸಿದ ಮೇಲೆ ಅಮ್ಮ ಹೇಳಿದಳು: “ಇದು ನಿನಗೆ. ಅದನ್ನು ಅಣ್ಣನಿಗೆ ಕೊಟ್ಟು ಬಾ. ನೀನೇ ಹೋಗಬೇಕು.”

ತುಮಕೂರಿನ ಬಸ್ಸಿನಲ್ಲಿ ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಾಗ ಯೋಚನೆಯೊಂದು ಹೊಳೆಯಿತು. ಮನೆಯಂಗಳದ ಜಾಜಿ ಬೀಜ ಕಟ್ಟುವುದು ಅಪರೂಪ. ಕೊಂಬೆಯಿಂದಲೇ ಅದರ ವಂಶ. ಹಾಗಾದರೆ ಇದು ಅಜ್ಜಿಯ ಬಳ್ಳಿಯ ಮಗುವಲ್ಲ, ಅದೇ ಬಳ್ಳಿ.

ಬಾಗಿಲು ತೆರೆದವರು ಅತ್ತಿಗೆ. ಅಣ್ಣ ಬಂದು ಕುಂಡವನ್ನೇ ನೋಡಿದ.

“ಬಾವಿಕಟ್ಟೆಯದೇ?”

“ಹೌದು.”

ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಆಮೇಲೆ, “ಬಿಸಿಲು ಎಷ್ಟು ಬೇಕು?” ಎಂದು ಕೇಳಿದ. ನಾನು ಕಲಿತದ್ದನ್ನೆಲ್ಲ ಉಪನ್ಯಾಸದಂತೆ ಒಪ್ಪಿಸಿದೆ. ಮನೆಯ ಮಾತನ್ನು ಇಬ್ಬರೂ ಎತ್ತಲಿಲ್ಲ. ಹೊರಟಾಗ ಬಸ್‌ನಿಲ್ದಾಣದವರೆಗೂ ಜೊತೆಯಲ್ಲಿ ಬಂದ.

ದೀಪಾವಳಿಯ ನಂತರ ಮನೆ ಬೇರೆಯವರದಾಯಿತು, ಚಪ್ಪರ ಈಗಿಲ್ಲ. ಅಮ್ಮ ನಮ್ಮೊಡನಿದ್ದಾಳೆ. ಮೊನ್ನೆ ಅಣ್ಣ ದೂರವಾಣಿಯಲ್ಲಿ, “ಮೊಗ್ಗು ಬಂದಿದೆ ಕಣೋ, ನಿನ್ನಲ್ಲಿ?” ಎಂದ. ನನ್ನದರಲ್ಲಿ ಇನ್ನೂ ಬರಿಯ ಎಲೆ. ಅಮ್ಮನಿಗೆ ಹೇಳಿದೆ.

“ಅವನ ಮನೆಯಲ್ಲಿ ಬಿಸಿಲು ಹೆಚ್ಚು” ಎಂದಳು. ಆದರೆ ಆ ಸಂಜೆ ನನ್ನ ಕುಂಡಕ್ಕೆ ನೀರು ಹಾಕಿದವಳು ಅವಳೇ.