ಅಳಿಯನ ಯಂತ್ರಗಳು

ಇಂಗ್ಲಿಷಿನಲ್ಲಿ 'ಗೀಕ್' ಎಂದೊಂದು ಮಾತಿದೆ. ಕನ್ನಡದಲ್ಲಿ ಅದಕ್ಕೆ ಒಪ್ಪುವ ಮಾತು ಇನ್ನೂ ಹುಟ್ಟಿಲ್ಲ. 'ಯಂತ್ರದ ಮರುಳ' ಎಂದರೆ ಅರ್ಧ ಅರ್ಥ ಬಂದಂತಾಗುತ್ತದೆ. ಉಳಿದರ್ಧ ಅವನು ಮಾತನಾಡುವ ಭಾಷೆಯಲ್ಲಿ ಸಿಕ್ಕಿಕೊಂಡಿರುತ್ತದೆ. ಒಂದು ಕಾಲಕ್ಕೆ ಅಮೇರಿಕೆಯ ಜಾತ್ರೆಗಳಲ್ಲಿ ಜೀವಂತ ಕೋಳಿಯ ತಲೆಯನ್ನು ಕಚ್ಚಿ ತೋರಿಸಿ ಕಾಸು ಗಳಿಸುತ್ತಿದ್ದ ಆಟಗಾರನಿಗೆ ಈ ಹೆಸರಿತ್ತಂತೆ. ಆ ಬಿರುದು ಅವನಿಂದ ಜಾರಿ, ಕಂಪ್ಯೂಟರಿನ ಮುಂದೆ ಕೂತ ಸಸ್ಯಾಹಾರಿ ಹುಡುಗರ ಮೇಲೆ ಬಂದು ಕೂತ ಬಗೆ ವಿಚಿತ್ರವಾದುದು. ಇಬ್ಬರೂ ಊಟದ ಹೊತ್ತಿಗೆ ಮಾಡಬಾರದ್ದನ್ನು ಮಾಡುತ್ತಾರೆ ಎಂಬ ಒಂದು ಸಾಮ್ಯ ಮಾತ್ರ ನನಗೆ ಕಾಣುತ್ತದೆ.

ಹೆಸರು ಹೊಸದಾದರೂ ಜಾತಿ ಹಳೆಯದು. ಪ್ರತಿ ಊರಿನಲ್ಲೂ ಇಂಥವನೊಬ್ಬ ಇದ್ದೇ ಇದ್ದ. ರೇಡಿಯೋ ಬಂದಾಗ ಅದರೊಳಗೆ ಹಾಡುವವರು ಯಾರೆಂದು ಉಳಿದವರು ಬೆರಗಾಗಿದ್ದರೆ, ಇವನು ಮಾತ್ರ ಹಿಂದಿನ ಹಲಗೆ ಬಿಚ್ಚಿ ಕೂತಿರುತ್ತಿದ್ದ. ನಮ್ಮ ಮನೆತನದಲ್ಲಿ ಆ ಪಟ್ಟ ನನ್ನ ಅತ್ತೆಯ ಗಂಡ, ಅಂದರೆ ಮಾವನಿಗೆ ಸಂದಿತ್ತು. ಅವರು ಅಂಚೆ ಇಲಾಖೆಯಲ್ಲಿದ್ದು ತಂತಿಯ ಕೆಲಸ ಕಲಿತವರು. ಊಟಕ್ಕೆ ಕೂತರೂ ಅವರ ಬೆರಳು ಮಣೆಯ ಮೇಲೆ ಕಟ್-ಕಡ ಎನ್ನುತ್ತಿತ್ತು. ಬಡಿಸುವುದು ತಡವಾದರೆ ಆ ಸದ್ದಿನ ವೇಗ ಏರುತ್ತಿತ್ತೆಂದೂ, ಮೋರ್ಸ್ ಲಿಪಿ ಕಲಿಯದೆಯೇ ತನಗೆ ಅದರ ಅರ್ಥ ಆಗುತ್ತಿತ್ತೆಂದೂ ಅತ್ತೆ ಈಗಲೂ ಹೇಳುತ್ತಾಳೆ. 2013ರ ಜುಲೈ 15ರಿಂದ ದೇಶದಲ್ಲಿ ತಂತಿ ಸೇವೆ ನಿಂತುಹೋಯಿತು. ಮಾವ ಅದಕ್ಕೂ ಮೊದಲೇ ತೀರಿಕೊಂಡಿದ್ದರಿಂದ ಆ ಸುದ್ದಿಯನ್ನು ಅವರಿಗೆ ಯಾವ ತಂತಿಯಲ್ಲೂ ತಿಳಿಸಬೇಕಾಗಿ ಬರಲಿಲ್ಲ.

ಈಗ ಆ ಪಟ್ಟ ನನ್ನ ಅಕ್ಕನ ಮಗನಿಗೆ ಬಂದಿದೆ. ಅವನು ಬೆಂಗಳೂರಿನ ಒಂದು ಕಂಪನಿಯ ನೌಕರ. 2020ರ ಮಾರ್ಚಿನಲ್ಲಿ ಕೊರೋನಾದ ಬೀಗ ಬಿದ್ದಾಗ ಅವರ್ಸಾದ ಮನೆಗೆ ಬಂದವನು ಮಾಳಿಗೆಯ ಮೇಲೆ ಎರಡು ಪರದೆ ಹೂಡಿ ಕೂತ. ಬೀಗ ತೆಗೆದರೂ ಕೆಳಗಿಳಿಯಲಿಲ್ಲ. ಅವನ ಕೆಲಸ ಏನೆಂದು ನಾನು ಮೂರು ಸಲ ಕೇಳಿದ್ದೇನೆ. ಮೂರು ಸಲವೂ ಅವನು ಬಹಳ ತಾಳ್ಮೆಯಿಂದ ವಿವರಿಸಿದ್ದಾನೆ. ನಾಲ್ಕನೆಯ ಸಲ ಕೇಳುವ ಧೈರ್ಯ ನನಗಿಲ್ಲ. ಊರವರು ಕೇಳಿದರೆ, "ಕಂಪ್ಯೂಟರಿನಲ್ಲಿ ದೊಡ್ಡ ಕೆಲಸ" ಎಂದು ಹೇಳಿ ಮಾತು ಮಳೆಯ ಕಡೆಗೆ ತಿರುಗಿಸುತ್ತೇನೆ.

ಅಳಿಯನ ವೈದ್ಯಶಾಸ್ತ್ರದಲ್ಲಿ ಮದ್ದು ಒಂದೇ. ಫೋನು ಸಿಕ್ಕಿಕೊಂಡಿತೇ? "ಮಾವ, ಆಫ್ ಮಾಡಿ ಆನ್ ಮಾಡು." ಟೀವಿಯಲ್ಲಿ ಚಿತ್ರ ನಿಂತಿತೇ? ಆಫ್ ಮಾಡಿ ಆನ್ ಮಾಡು. ಇಷ್ಟು ಹೇಳಲು ನಾಲ್ಕು ವರ್ಷ ಇಂಜಿನಿಯರಿಂಗ್ ಓದಬೇಕಾಗಿತ್ತೇ ಎಂದು ನಾನು ಕೇಳಿದೆ. ಯಂತ್ರ ನಡೆಯುತ್ತ ನಡೆಯುತ್ತ ಅದರ ನೆನಪಿನಲ್ಲಿ ಬೇಡದ ಲೆಕ್ಕಗಳು ಜಮೆಯಾಗುತ್ತವೆ, ಒಂದರ ಕಾಲಿಗೆ ಒಂದು ತೊಡರುತ್ತದೆ, ಆರಿಸಿದರೆ ಎಲ್ಲ ತೊಳೆದುಹೋಗಿ ಮೊದಲಿನಿಂದ ಶುರುವಾಗುತ್ತದೆ ಎಂದು ಅವನ ವಿವರಣೆ. ಇದರಲ್ಲಿ ಹೊಸತೇನು ಬಂತು, ಹೇಳಿ. ಏನೇ ಮೈಲಿಗೆಯಾದರೂ "ಹೋಗು, ಮಿಂದು ಬಾ" ಎಂದು ನಮ್ಮ ಹಿರಿಯರು ಹೇಳುತ್ತಿದ್ದುದೂ ಇದನ್ನೇ. ಗೋಕರ್ಣದ ಕೋಟಿತೀರ್ಥದಲ್ಲಿ ಇಷ್ಟು ಕಾಲದಿಂದ ನಡೆದುಬಂದಿರುವುದು ಮತ್ತೇನು?

ಆದರೆ ನಮ್ಮ ಕಡಲದಂಡೆಯಲ್ಲಿ ಯಂತ್ರಗಳ ನಿಜವಾದ ಶತ್ರು ಉಪ್ಪು. 1930ರ ಏಪ್ರಿಲ್‌ನಲ್ಲಿ ಅಂಕೋಲೆಯವರು ಉಪ್ಪಿನ ಕಾಯಿದೆ ಮುರಿದು ಬ್ರಿಟಿಷ್ ಸರಕಾರವನ್ನು ಎದುರಿಸಿದರು. ಸರಕಾರ ಹೋಯಿತು. ಉಪ್ಪಿಗೆ ಮಾತ್ರ ಸತ್ಯಾಗ್ರಹ ಮುಗಿದ ಸುದ್ದಿ ಇನ್ನೂ ತಲುಪಿಲ್ಲ. ಗಾಳಿಯಲ್ಲಿ ತೇಲಿ ಬಂದು ಫ್ರಿಜ್ಜಿನ ಬೆನ್ನಿಗೆ ತುಕ್ಕು ಹಿಡಿಸುತ್ತದೆ, ತಾಮ್ರದ ತಂತಿಯ ತುದಿಗೆ ಹಸಿರು ಲೇಪ ಹಚ್ಚುತ್ತದೆ, ರಿಮೋಟಿನೊಳಗೆ ಹೊಕ್ಕು ಸ್ಪ್ರಿಂಗನ್ನು ತಿನ್ನುತ್ತದೆ. ಬೆಂಗಳೂರಿನಲ್ಲಿ ಹತ್ತು ವರ್ಷ ಬಾಳುವ ಯಂತ್ರ ಕಾರವಾರದಲ್ಲಿ ಐದಕ್ಕೇ ವಾನಪ್ರಸ್ಥಕ್ಕೆ ಹೊರಡುತ್ತದೆ. ಮೇಲೆ ವರ್ಷಕ್ಕೆ 3,000 ಮಿಲಿಮೀಟರು ದಾಟುವ ಮಳೆ. ಜೂನ್ ತಿಂಗಳಲ್ಲಿ ಅಳಿಯ ತನ್ನ ಯಂತ್ರಗಳನ್ನು ಡಬ್ಬಿಯಲ್ಲಿಟ್ಟು, ಜೊತೆಗೆ ಒಣ ಅಕ್ಕಿ ತುಂಬುತ್ತಾನೆ. ಅಕ್ಕ ಹಪ್ಪಳಕ್ಕೂ ಹಾಗೆಯೇ ಮಾಡುತ್ತಾಳೆ. ಒಮ್ಮೆ ಡಬ್ಬಿಗಳು ಅದಲುಬದಲಾದವು, ಹೆಚ್ಚಿನ ಅನಾಹುತವಾಗಲಿಲ್ಲ.

ವಿದ್ಯುತ್ತಿನ ವಿಚಾರ ಇನ್ನೂ ಸ್ವಾರಸ್ಯದ್ದು. ನಮ್ಮದೇ ತಾಲೂಕಿನ ಕೈಗಾದಲ್ಲಿ, ಕಾಳೀ ನದಿಯ ದಡದ ಕಾಡಿನ ನಡುವೆ, ತಲಾ 220 ಮೆಗಾವಾಟಿನ ನಾಲ್ಕು ಅಣುಸ್ಥಾವರಗಳಿವೆ. ಅವುಗಳಲ್ಲಿ ಮೊದಲನೆಯದು 2016ರ ಮೇ 13ರಿಂದ 2018ರ ಡಿಸೆಂಬರ್ 31ರ ತನಕ, ಒಂದು ಕ್ಷಣವೂ ನಿಲ್ಲದೆ, 962 ದಿನ ನಡೆಯಿತು. ಬ್ರಿಟನ್ನಿನ ಹೇಶಮ್ ಎಂಬಲ್ಲಿಯ 940 ದಿನಗಳ ದಾಖಲೆ ಅದರಿಂದ ಮುರಿದುಬಿತ್ತು. ಮುಂದೆ ಕೆನಡಾದವರು ಇದನ್ನೂ ದಾಟಿದರು, ಆ ಮಾತು ಬೇರೆ. ಆ 962 ದಿನಗಳಲ್ಲಿ ಕಾಜೂಬಾಗದ ನನ್ನ ಮನೆಯ ದೀಪ ಎಷ್ಟು ಸಲ ಆರಿತೆಂದು ನಾನು ಲೆಕ್ಕವಿಟ್ಟಿಲ್ಲ. ಇಟ್ಟಿದ್ದರೆ ಅದೂ ಒಂದು ದಾಖಲೆಯಾಗುತ್ತಿತ್ತು. ಇದು ಕೈಗಾದವರ ತಪ್ಪಲ್ಲ. ಅವರು ಹುಟ್ಟಿಸಿದ ವಿದ್ಯುತ್ತು ದೊಡ್ಡ ಜಾಲಕ್ಕೆ ಸೇರಿ ದೇಶಸಂಚಾರ ಹೊರಡುತ್ತದೆ. ನಮ್ಮ ಬೀದಿಗೆ ಬರುವಾಗ ಒಂದು ತೆಂಗಿನ ಮಡಲು ಅಡ್ಡ ಬೀಳುತ್ತದೆ. ಅಣುವನ್ನು ಒಡೆಯಲು ಕಲಿತ ಮನುಷ್ಯ ತೆಂಗಿನ ಮಡಲಿಗೆ ಸೋತಿದ್ದಾನೆ.

ಬರವಣಿಗೆಯ ಸುಖವನ್ನಂತೂ ಕೇಳಬೇಡಿ. ಕಂಪ್ಯೂಟರಿನಲ್ಲಿ ಕನ್ನಡ ಮೂಡಿಸಲು ಕೆ. ಪಿ. ರಾಯರು ರೂಪಿಸಿದ ಕೀಲಿಮಣೆ ಇದೆ; 'ನುಡಿ' ತಂತ್ರಾಂಶದಲ್ಲಿ ಇರುವುದೂ ಅದೇ. 'ಟ' ಬೇಕಾದರೆ ಕ್ಯೂ ಒತ್ತಬೇಕು, 'ಡ' ಬೇಕಾದರೆ ಡಬ್ಲ್ಯೂ. ಒತ್ತಕ್ಷರ ಬೇಕಾದರೆ ನಡುವೆ ಎಫ್ ಎಂಬ ಶೋಭನ ನಡೆಸುವ ಪುರೋಹಿತ ಬರಬೇಕು. ಮೊದಲ ವಾರ ಹುಚ್ಚು ಹಿಡಿಯುತ್ತದೆ, ಎರಡನೆಯ ವಾರ ಬೆರಳಿಗೆ ತಾನಾಗಿ ತಿಳಿಯುತ್ತದೆ. ಕಲಿತವರು ಬೇರೆ ಕೀಲಿಮಣೆಯವರನ್ನು ಕಂಡರೆ ಮುಖ ತಿರುಗಿಸುತ್ತಾರೆ. ದ್ವೈತಿಗಳೂ ಅದ್ವೈತಿಗಳೂ ಇಷ್ಟು ಜಗಳವಾಡಿದ್ದು ನಾನು ಕೇಳಿಲ್ಲ.

ಫೋನಿಗೆ ಕಲಿಯುವ ಗೋಜೇ ಬೇಡ. ಅದೇ ನಮಗೆ ಕಲಿಸುತ್ತದೆ. ಅಕ್ಕನಿಗೆ "ಬಂಗಡೆ ತಂದಿದ್ದೇನೆ" ಎಂದು ಬರೆದರೆ ಅದು "ಬಂಗಲೆ ತಂದಿದ್ದೇನೆ" ಎಂದು ತಿದ್ದಿ ಕಳಿಸಿತು. "ಎಷ್ಟಕ್ಕೆ ಬಂತು?" ಎಂದು ಅಕ್ಕನ ಉತ್ತರ. ಜೂನ್-ಜುಲೈ ತಿಂಗಳು, ಯಾಂತ್ರಿಕ ದೋಣಿಗಳಿಗೆ ನಿಷೇಧವಿದ್ದ ಕಾಲ. ಎರಡರ ಬೆಲೆಯಲ್ಲಿ ಬಹಳ ಅಂತರವಿರಲಿಲ್ಲ.

ಮೀನುಪೇಟೆಯ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಬೇಕು. 2016ರಲ್ಲಿ ಯುಪಿಐ ಬಂದಾಗ, ಮೀನಿನ ಬುಟ್ಟಿಯ ಮುಂದೆ ಇದು ನಡೆಯುವುದಲ್ಲ ಎಂದು ನನ್ನ ಸ್ನೇಹಿತರೆಲ್ಲ ತೀರ್ಪು ಕೊಟ್ಟಿದ್ದರು. ಈಗ ನಾನು ಮೀನು ಕೊಳ್ಳುವ ಬಾಯಿ ತನ್ನ ಚೌಕಳಿ ಚಿತ್ರವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಕ್ಕಡಿಗೆ ಕಟ್ಟಿದ್ದಾಳೆ. ಮೊದಮೊದಲು ಕೆಲವು ಪೋರರು ಹಳೆಯ ಪಾವತಿಯ ಚಿತ್ರ ತೋರಿಸಿ ಮೀನು ಒಯ್ದರು. ಓದು ಬಾರದ ಅವಳು ನಂಬಿದಳು. ಆಮೇಲೆ ಮಾತನಾಡುವ ಪೆಟ್ಟಿಗೆ ಬಂತು. ಹಣ ಬಿದ್ದ ಕೂಡಲೇ ಅದು ಗಟ್ಟಿಯಾಗಿ ಹೇಳುತ್ತದೆ. "ಮಾಸ್ತರೇ, ನಿಮ್ಮ ಫೋನು ಏನಾದರೂ ಹೇಳಲಿ, ನನ್ನ ಪೆಟ್ಟಿಗೆ ಹೇಳಬೇಕು" ಎನ್ನುತ್ತಾಳೆ. ಕಣ್ಣಿಗೆ ಅಕ್ಷರ ಬಾರದವಳ ಕಿವಿಗೆ ಲೆಕ್ಕ ತಲುಪಿಸಿದ ಈ ಪೆಟ್ಟಿಗೆಯನ್ನು ಯಾರು ಮೊದಲು ಯೋಚಿಸಿದರೋ, ಅವರಿಗೆ ನನ್ನದೊಂದು ನಮಸ್ಕಾರ. ಒಂದೇ ಕೊರತೆ: ಕೊಸರು ಎಂಬ ಶಬ್ದ ಆ ಪೆಟ್ಟಿಗೆಗೆ ಬರುವುದಿಲ್ಲ.

ಎಲ್ಲ ಯಂತ್ರಗಳೂ ಇಷ್ಟು ಸಜ್ಜನರಲ್ಲ. ನನ್ನ ಅತ್ತೆಗೆ ಈಗ ಎಂಬತ್ತನಾಲ್ಕು. ಮಾವನ ಹೆಸರಿನ ಕುಟುಂಬ ಪಿಂಚಣಿ ಬರುತ್ತದೆ. ಅದರಲ್ಲಿ ಅವಳು ತನ್ನ ಔಷಧ ಕೊಳ್ಳುತ್ತಾಳೆ, ಮೊಮ್ಮಕ್ಕಳಿಗೆ ಹಬ್ಬಕ್ಕೆ ಕೊಡುತ್ತಾಳೆ, ಯಾರ ಮುಂದೆಯೂ ಕೈ ಚಾಚುವುದಿಲ್ಲ. ಆ ಹಣ ನಿಲ್ಲದಿರಬೇಕಾದರೆ ವರ್ಷಕ್ಕೊಮ್ಮೆ ತಾನು ಬದುಕಿದ್ದೇನೆಂದು ರುಜುವಾತು ಕೊಡಬೇಕು. ಎಂಬತ್ತು ದಾಟಿದವರಿಗೆ ಅಕ್ಟೋಬರ್ 1ರಿಂದಲೇ ಅವಕಾಶ, ನವೆಂಬರ್ ಕೊನೆಗೆ ಗಡುವು. ಹಿಂದೆ ಹೋಗಿ ಎದುರಿಗೆ ನಿಂತು ಸಹಿ ಹಾಕಿದರೆ ಮುಗಿಯುತ್ತಿತ್ತು. ಈಗ ಬೆರಳನ್ನು ಗಾಜಿನ ಮೇಲೆ ಒತ್ತಬೇಕು.

ಕಳೆದ ಸಲ ಅವಳನ್ನು ಕರೆದುಕೊಂಡು ಒಂದು ಕಚೇರಿಗೆ ಹೋದೆವು. ಬಲಗೈ ಹೆಬ್ಬೆರಳು ಒತ್ತಿದಳು, ಕೆಂಪು ದೀಪ. ಒರೆಸಿ ಒತ್ತಿದಳು, ಕೆಂಪು. ಹತ್ತು ಬೆರಳೂ ಮುಗಿದವು. ಎಪ್ಪತ್ತು ವರ್ಷ ಬೂದಿ, ತೆಂಗಿನ ನಾರು ಹಿಡಿದು ಪಾತ್ರೆ ತಿಕ್ಕಿದ ಕೈ ಅದು. ಹಿತ್ತಾಳೆಯ ಹಂಡೆ ಹೊಳೆಯುತ್ತ ಹೋದ ಹಾಗೆ ಬೆರಳಿನ ಗೆರೆ ಸವೆಯುತ್ತ ಹೋಗಿದೆ. ಕಚೇರಿಯ ಹುಡುಗ ಕೆಟ್ಟವನಲ್ಲ. ಆದರೂ ಅವನು ಹೇಳಿದ್ದು: "ಅಮ್ಮಾ, ನೀವು ಬರುತ್ತಿಲ್ಲ." ಎದುರಿಗೆ ಕೂತ ಮುದುಕಿಗೆ ಹೇಳುವ ಮಾತೇ ಅದು? ಎಂಟು ದಿನ ಬಿಟ್ಟು ಮತ್ತೆ ಹೋದೆವು. ಮತ್ತೆ ಅದೇ. ಬಸ್ಸಿನಲ್ಲಿ ಹಿಂತಿರುಗುವಾಗ ಅತ್ತೆ ಕಿಟಕಿಯ ಆಚೆ ನೋಡುತ್ತ, "ಇಷ್ಟು ದುಡಿದದ್ದೇ ತಪ್ಪಾಯಿತೇನೋ, ಮಗಾ" ಎಂದಳು. ನನಗೆ ಏನು ಹೇಳಬೇಕೆಂದು ತೋಚಲಿಲ್ಲ.

ಅಳಿಯ ಸಂಗತಿ ಕೇಳಿ ಮಾಳಿಗೆಯಿಂದ ಇಳಿದು ಬಂದ. ಈ 'ಜೀವನ ಪ್ರಮಾಣ' 2014ರಲ್ಲಿ ಶುರುವಾದದ್ದು. 2021ರ ನವೆಂಬರಿನಿಂದ ಬೆರಳಿನ ಬದಲು ಮುಖ ತೋರಿಸಿದರೂ ಸಾಕೆಂದು ಮಾಡಿದ್ದಾರೆ, ಫೋನಿನಲ್ಲೇ ಆಗುತ್ತದೆ ಎಂದ. ಹಾಗಾದರೆ ಆ ಕಚೇರಿಯಲ್ಲಿ ಇದನ್ನು ಯಾರೂ ಹೇಳಲಿಲ್ಲವೇಕೆ? ಅದಕ್ಕೆ ಅವನಲ್ಲಿ ಉತ್ತರವಿರಲಿಲ್ಲ. ಯಂತ್ರದ ಪ್ರಶ್ನೆಗಳಿಗೆ ಮಾತ್ರ ಅವನಲ್ಲಿ ಉತ್ತರವಿರುವುದು.

ಜಗುಲಿಯಲ್ಲಿ ಬೆಳಕು ಸಾಲದೆಂದು ಅತ್ತೆಯನ್ನು ಅಂಗಳದ ತುಳಸಿಕಟ್ಟೆಯ ಬಳಿ ಕೂರಿಸಿದ. ಅವಳು ಸೆರಗು ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಕಣ್ಣು ಅಗಲಿಸಿ ಫೋನನ್ನು ನೋಡಿದಳು.

"ಅಜ್ಜಿ, ಕಣ್ಣು ಮಿಟುಕಿಸು."

ಮಿಟುಕಿಸಲಿಲ್ಲ. ಮತ್ತೆ ಹೇಳಿದ. ಇನ್ನಷ್ಟು ಅಗಲಿಸಿದಳು. ಮದುವೆಯಾದ ವರ್ಷ ಫೋಟೋ ತೆಗೆಸಲು ಹೋದಾಗ, ಕಪ್ಪು ಬಟ್ಟೆಯೊಳಗೆ ತಲೆ ಹಾಕಿದ ಪುಣ್ಯಾತ್ಮ ಅವಳಿಗೆ ಕಣ್ಣು ಮಿಟುಕಿಸಬೇಡವೆಂದು ಗದರಿಸಿದ್ದನಂತೆ. ಅಂದಿನಿಂದ ಅವಳು ಯಾವ ಕ್ಯಾಮರಾದ ಮುಂದೆಯೂ ಮಿಟುಕಿಸಿದವಳಲ್ಲ. ಎದುರಿಗಿರುವುದು ಮನುಷ್ಯನೋ, ಯಾರೋ ಹಿಡಿದು ತೋರಿಸಿದ ಚಿತ್ರವೋ ಎಂದು ತಿಳಿಯಲು ಯಂತ್ರ ಇದನ್ನು ಕೇಳುತ್ತದೆ ಎಂದು ಅಳಿಯ ವಿವರಿಸಿದ. "ನಿನ್ನ ಅಜ್ಜನ ಯಂತ್ರ ಕಟ್-ಕಡ ಎಂದಾದರೂ ಎನ್ನುತ್ತಿತ್ತು. ಇದು ಸುಮ್ಮನೆ ನೋಡುತ್ತದೆ. ಹೀಗೆ ನೋಡಿದರೆ ಯಾರಿಗೆ ಕಣ್ಣು ಮಿಟುಕಿಸಲಿಕ್ಕೆ ಬರುತ್ತದೆ?" ಎಂದು ಅವಳಿಗೆ ನಗು ಬಂತು. ನಗುವಾಗ ಕಣ್ಣು ತಾನಾಗಿ ಮುಚ್ಚಿ ತೆರೆಯಿತು. ಹಸಿರು ಬಿತ್ತು.

ಅಳಿಯ ಪ್ರಮಾಣ ಪತ್ರದ ಸಂಖ್ಯೆ ಓದಿ ಹೇಳಿದ.

"ಎಷ್ಟು ದಿವಸ ನಡೆಯುತ್ತದೆಯೋ ಇದು?"

"ಒಂದು ವರ್ಷ, ಅಜ್ಜಿ."

"ಹಾಗಾದರೆ ಮೇ ತಿಂಗಳ ಕರಿ ಇಶಾಡು ಹಣ್ಣು ತಿನ್ನಲಿಕ್ಕೆ ಅಡ್ಡಿಯಿಲ್ಲ" ಎಂದು ಎದ್ದು ಒಳಗೆ ಹೋದವಳು, ಎರಡು ತಿಂಗಳಿಂದ ಕೆಟ್ಟು ಕೂತಿದ್ದ ಮಿಕ್ಸರನ್ನು ತಂದು ಅವನ ಮುಂದಿಟ್ಟಳು. ತನ್ನ ವಿದ್ಯೆ ಬೇರೆ, ಇದು ಬೇರೆ ಎಂದು ಅವನು ಹೇಳಿ ನೋಡಿದ. "ಬದುಕಿದ್ದೇನೋ ಇಲ್ಲವೋ ಎಂದು ನೋಡಲಿಕ್ಕೆ ಬರುತ್ತದೆ, ಮಿಕ್ಸರು ನೋಡಲಿಕ್ಕೆ ಬರುವುದಿಲ್ಲವೇ?" ಎಂದಳು ಅತ್ತೆ. ಅಳಿಯ ನನ್ನ ಮುಖ ನೋಡಿದ. "ಆಫ್ ಮಾಡಿ ಆನ್ ಮಾಡು" ಎಂದೆ ನಾನು. ಅವನು ಮಾತನಾಡದೆ ಸ್ಕ್ರೂಡ್ರೈವರ್ ಹುಡುಕಲು ಮಾಳಿಗೆ ಹತ್ತಿದ.