ಕೇಳಿ ಕೊಂಡ ಕಂಪ್ಯೂಟರು

ಕಂಪ್ಯೂಟರು ಕೊಳ್ಳಹೊರಟವನಿಗೆ ಹಿತೋಪದೇಶ ನೀಡುವವರ ಅಭಾವ ನಮ್ಮ ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಎಂದೂ ಉಂಟಾದದ್ದಿಲ್ಲ; ಪರದೆಯ ಕಾಂತಿ, ಅಕ್ಷರಗಳ ಲಾಲಿತ್ಯ, ಚಿತ್ರಗಳ ನುಣುಪು ಇವೇ ಮೊದಲಾದ ಸದ್ಗುಣಗಳನ್ನು ಅವರು ವರ್ಣಿಸುವ ವೈಖರಿಗೆ ಹುಟ್ಟುಕುರುಡನಾದ ನಾನೂ ತಲೆದೂಗಿದ್ದೇನೆ. ಆದರೆ ಪರದೆಯ ಮೇಲಿನದನ್ನು ಓದಿ ಹೇಳುವ ಸ್ಕ್ರೀನ್ ರೀಡರನ್ನೇ ನೆಚ್ಚಿ ಬಾಳುವವನು, ಮನೆ ಎಷ್ಟು ಚೆಲುವಾಗಿದ್ದೀತೆಂಬ ಗೊಡವೆಗೆ ಹೋಗದೆ, ಒಳಗಿನಿಂದ ‘ಯಾರು?’ ಎನ್ನುವವನ ದನಿ ಎಂತಹದೆಂದು ಮೊದಲು ವಿಚಾರಿಸತಕ್ಕದ್ದು.

ನನ್ನ ಬಾಲ್ಯದಲ್ಲಿ ಈ ಸೀಮೆಯ ಕುರುಡು ಹುಡುಗನಿಗೆ ಹಿರಿಯರು ಬಲ್ಲ ಮಾರ್ಗ ಒಂದೇ: ಹೊಸಪೇಟೆಯಲ್ಲಿ ರೈಲು ಹತ್ತಿಸಿ, ಸ್ವತಃ ಅಂಧರಾದ ಪಂಚಾಕ್ಷರಿ ಗವಾಯಿಗಳೂ ಅವರ ತರುವಾಯ ಪುಟ್ಟರಾಜ ಗವಾಯಿಗಳೂ ನಾದಸಂಪತ್ತನ್ನು ಹಂಚಿದ ಗದುಗಿನ ವೀರೇಶ್ವರ ಪುಣ್ಯಾಶ್ರಮಕ್ಕೆ ಒಪ್ಪಿಸಿ ಬರುವುದು. ನನ್ನ ಶ್ರುತಿಜ್ಞಾನವನ್ನು ಪರೀಕ್ಷಿಸಿದ ಸೋದರಮಾವ, ಆಶ್ರಮದ ಮೇಲಣ ಗೌರವದಿಂದಲೇ, ಆ ಸಂಕಲ್ಪವನ್ನು ಕೈಬಿಟ್ಟನು. ಆದರೂ ಸಂಗೀತದ ಋಣ ನನ್ನನ್ನು ಬಿಡಲಿಲ್ಲ. ಏಕೆಂದರೆ ಇಂದು ನಾನು ಬಳಸುವ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರಿನ ನಿರ್ಮಾತೃಗಳಾದ ಮೈಕೆಲ್ ಕರ್ರನ್, ಜೇಮ್ಸ್ ಟೇ ಎಂಬ ಆಸ್ಟ್ರೇಲಿಯದ ಅಂಧ ಮಿತ್ರರು ಪರಸ್ಪರ ಪರಿಚಿತರಾದದ್ದು ಬಾಲ್ಯದಲ್ಲಿ, ಅಂಧಮಕ್ಕಳ ಸಂಗೀತ ಶಿಬಿರವೊಂದರಲ್ಲಿ.

ಅದಕ್ಕೂ ಹಿಂದಿನ ಕಥೆಯುಂಟು. ಮೋಟಾರು ಸೈಕಲ್ ಪಂದ್ಯಗಳ ಸವಾರನಾಗಿದ್ದ ಅಮೆರಿಕದ ಟೆಡ್ ಹೆಂಟರ್ 1978ರಲ್ಲಿ ಕಾರು ಅಪಘಾತದಿಂದ ದೃಷ್ಟಿ ಕಳೆದುಕೊಂಡು, 1989ರಲ್ಲಿ ಡಾಸ್ ಎಂಬ ಅಂದಿನ ಕಾರ್ಯಾಚರಣ ವ್ಯವಸ್ಥೆಗಾಗಿ ಜಾಸ್ ಎಂಬ ಸ್ಕ್ರೀನ್ ರೀಡರನ್ನು ಹೊರತಂದನು. ಡಾಸ್‌ನಲ್ಲಿ ಬಹುಮಟ್ಟಿಗೆ ಅಕ್ಷರಗಳೇ ಇದ್ದುದರಿಂದ ಓದುವುದು ಸುಲಭವಾಗಿತ್ತು. ವಿಂಡೋಸ್ ಬಂದು ಅಕ್ಷರಗಳಿದ್ದೆಡೆ ಚಿತ್ರಗಳನ್ನು ಕೂರಿಸಿದಾಗ, ಲೋಕವೆಲ್ಲ ಆನಂದಿಸುತ್ತಿದ್ದ ಕಾಲದಲ್ಲಿ, ಕುರುಡರು ಮಾತ್ರ ಗಾಬರಿಗೊಂಡರು. ಜಾಸ್ ಆ ಚಿತ್ರಲೋಕವನ್ನೂ ಜಯಿಸಿತು, ದಿಟ. ಆದರೆ ಸಾವಿರ ಡಾಲರಿನ ಆಸುಪಾಸಿನ ಅದರ ಬೆಲೆಯನ್ನು ಕೇಳಿದಾಗ ನನ್ನ ತಂದೆ ಬಹಳ ಹೊತ್ತು ಮಾತನಾಡಲಿಲ್ಲ. ಹೀಗಿರಲು 2006ರಲ್ಲಿ ಕರ್ರನ್ ಆರಂಭಿಸಿ ಉಚಿತವಾಗಿ ಹಂಚಿದ ಎನ್‌ವಿಡಿಎ ನಮ್ಮಂಥವರ ಪಾಲಿಗೆ ವರದಾನವಲ್ಲದೆ ಮತ್ತೇನು?

ಕಂಪ್ಲಿಯ ಮಿತ್ರರೊಬ್ಬರು ಲಿನಕ್ಸ್‌ನ ಪರಮಭಕ್ತರು. ತಂತ್ರಾಂಶ ಸ್ವಾತಂತ್ರ್ಯದ ತತ್ತ್ವವನ್ನು ಅವರು ಪ್ರತಿಪಾದಿಸುವಾಗ ಎದುರಾಡಲು ನನಗೆ ನಾಲಗೆಯೇಳದು. ಅದರ ಓರ್ಕಾ ಎಂಬ ಸ್ಕ್ರೀನ್ ರೀಡರನ್ನು ಆರಂಭಿಸಿದವನೂ ಅಂಧನೇ, ಮಾರ್ಕ್ ಮುಲ್ಕಾಹಿ. ಲಿನಕ್ಸ್‌ನದೇ ಒಂದು ರೂಪವಾದ ಉಬುಂಟುವನ್ನು ಅಳವಡಿಸುವ ಗಳಿಗೆಯಲ್ಲಿಯೇ ಓರ್ಕಾವನ್ನು ಮಾತನಾಡಿಸಬಹುದೆಂಬುದು, ಕಣ್ಣುಳ್ಳವನೊಬ್ಬನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವನ ಆಕಳಿಕೆಗಳನ್ನು ಎಣಿಸಿದವನಿಗೆ ಸಾಮಾನ್ಯ ಸೌಕರ್ಯವಲ್ಲ. ಆಪಲ್ ಸಂಸ್ಥೆಯೂ 2005ರಿಂದ ಮ್ಯಾಕ್‌ನಲ್ಲಿ ವಾಯ್ಸ್‌ಓವರನ್ನು ಸೇರಿಸಿಯೇ ಮಾರುತ್ತಿದೆ. ಆ ಯಂತ್ರದ ಬೆಲೆಯ ಪ್ರಸ್ತಾಪ ಇಲ್ಲಿ ಬೇಡ. ಎಂತಿದ್ದರೂ ನನ್ನ ಉದ್ಯೋಗದ ಕಡತಗಳೂ ಜೊತೆಗಾರರೂ ವಿಂಡೋಸ್‌ನಲ್ಲಿರುವಾಗ ನಾನೊಬ್ಬನೇ ತತ್ತ್ವದ ಗುಡ್ಡವೇರಿ ಕುಳಿತರೆ ಬುತ್ತಿ ತರುವವರಾರು?

ಅಂತೂ ವಿಂಡೋಸ್, ಎನ್‌ವಿಡಿಎ, ಅದರೊಳಗೆ ಇಸ್ಪೀಕ್ ಎಂಬ ಪುಟ್ಟ ಧ್ವನಿ. ಜೊನಾಥನ್ ಡಡಿಂಗ್ಟನ್ ರೂಪಿಸಿದ ಈ ಧ್ವನಿಯ ಕನ್ನಡದಲ್ಲಿ ಮಾಧುರ್ಯವಿಲ್ಲ. ಮನೆಗೆ ಬಂದವರು ಯಾರಿಗೋ ನೆಗಡಿಯಾಗಿದೆಯೆಂದು ಭಾವಿಸುತ್ತಾರೆ. ಆದರೆ ಸಂಡೂರಿನ ಅದಿರು ತುಂಬಿದ ಲಾರಿ ಹೊರಗೆ ಗರ್ಜಿಸುತ್ತಿರುವಾಗಲೂ, ವೇಗವನ್ನು ಕೇಳಿದವರ ಉಸಿರು ಕಟ್ಟುವಷ್ಟು ಏರಿಸಿದಾಗಲೂ, ಒತ್ತಕ್ಷರಗಳು ಬೇರೆ ಬೇರೆಯಾಗಿಯೇ ಕಿವಿಗೆ ಬೀಳುತ್ತವೆ. ಇನ್‌ಸರ್ಟ್ ಕೀಲಿಯ ಮೇಲೆ ಹೆಬ್ಬೆರಳೂರಿ ಕೆಳಬಾಣವನ್ನೊತ್ತಿದರೆ ಸಾಕು, ಪುಟವಿಡೀ ಓಡುತ್ತದೆ.

ಆದರೆ ಯಾವ ವ್ಯವಸ್ಥೆಯನ್ನು ಆರಿಸಿದರೂ ತಪ್ಪದ ಪೀಡೆಯೊಂದುಂಟು. 1991ರ ಮೊದಲ ಆವೃತ್ತಿಯಿಂದಲೇ ಯುನಿಕೋಡ್ ಎಂಬ ಅಕ್ಷರಸಂಕೇತ ಪದ್ಧತಿ ಕನ್ನಡಕ್ಕೆ ಸ್ಥಾನ ಕೊಟ್ಟಿದ್ದರೂ, ‘ನುಡಿ’ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಟೈಪಿಸಿದ ಪತ್ರಗಳು ಇಂದಿಗೂ ಬರುತ್ತವೆ; ಅವುಗಳಲ್ಲಿ ಕನ್ನಡದ ಆಕಾರ ಪರದೆಯ ಮೇಲೆ ಮಾತ್ರ, ಒಳಗೆ ಅಡಗಿರುವುದು ರೋಮನ್ ಚಿಹ್ನೆಗಳು. ಕಣ್ಣುಳ್ಳವರಿಗೆ ‘ಕನ್ನಡ’ ಎಂದು ಕಾಣುವುದನ್ನು ಬಾಣದ ಕೀಲಿಯಿಂದ ಒಂದೊಂದಾಗಿ ಬಿಡಿಸಿದರೆ, ‘ಪಿ, ಎ ಗ್ರೇವ್, ಪೌಂಡ್, ಎ ಗ್ರೇವ್’ ಎಂದು ಆರಂಭವಾಗುವ ಮಂತ್ರಪಠನ ಕೇಳುತ್ತದೆ. ಪರಿವರ್ತಕ ತಂತ್ರಾಂಶಗಳಿವೆ, ಬಳಸುತ್ತೇನೆ. ಆದರೂ ಕಚೇರಿಯೊಂದಕ್ಕೆ, ದಯಮಾಡಿ ಯುನಿಕೋಡಿನಲ್ಲಿ ಕಳುಹಿಸಿರೆಂದು ವಿನಯಪೂರ್ವಕವಾಗಿ ಬರೆದೆನು. ಉತ್ತರ ಬಂದಿತು. ‘ಪಿ, ಎ ಗ್ರೇವ್’ ಎಂದು ಆರಂಭವಾದುದನ್ನು ಕೇಳಿ, ಪತ್ರದ ತಲೆಯಲ್ಲಿ ‘ಕ್ರಮಾಂಕ’ ಎಂದಿರಬೇಕೆಂದು ಪರಿವರ್ತಕದ ನೆರವಿಲ್ಲದೆಯೇ ತಿಳಿದುಕೊಂಡೆನು.