ಬಾಗಲಗುಂಟೆಯಲ್ಲಿ ಒಂದು ಮುಳ್ಳಿನ ಕಥೆ

ಬೆಂಗಳೂರಿನಿಂದ ತುಮಕೂರಿನ ಹೆದ್ದಾರಿಯನ್ನು ಹಿಡಿದು ಹೊರಟವರಿಗೆ ಯಶವಂತಪುರ, ಜಾಲಹಳ್ಳಿ ಕ್ರಾಸುಗಳನ್ನು ದಾಟಿದ ಮೇಲೆ ‘ಎಂಟನೆಯ ಮೈಲಿ’ ಎಂಬ ಕೂಡುದಾರಿ ಸಿಕ್ಕುತ್ತದೆ. ಮೈಲಿಗಳು ಹೋಗಿ ಕಿಲೋಮೀಟರುಗಳು ಬಂದು ಎಷ್ಟೋ ಕಾಲವಾಯಿತು. ಬಸ್ಸಿನ ಕಂಡಕ್ಟರರ ಬಾಯಲ್ಲಿ ಮಾತ್ರ ಆ ಮೈಲಿಗಲ್ಲು ಇನ್ನೂ ನೆಟ್ಟೇ ಇದೆ. ಅಲ್ಲಿಂದ ಬಲಕ್ಕೆ ತಿರುಗುವ ರಸ್ತೆಯು ಹೆಸರಘಟ್ಟಕ್ಕೆ ಹೋಗುತ್ತದೆ. ಅರ್ಕಾವತಿಗೆ ಅಡ್ಡಲಾಗಿ 1894ರಲ್ಲಿ ಕಟ್ಟಿದ ಆ ಕೆರೆಯಿಂದಲೇ ನಮ್ಮ ನಗರಕ್ಕೆ ಮೊದಲು ಕೊಳವೆಯ ನೀರು ಬಂದದ್ದು. ಆ ರಸ್ತೆಯಲ್ಲಿ ಸ್ವಲ್ಪ ದೂರ ಸಾಗುವಷ್ಟರಲ್ಲಿಯೇ ಬಾಗಲಗುಂಟೆ.

‘ಕುಂಟೆ’ಯೆಂದರೆ ನಮ್ಮ ಕಡೆ ಚಿಕ್ಕ ಕೊಳ. ಸಮಾಸದಲ್ಲಿ ಕಕಾರವು ಗಕಾರವಾಗಿ ‘ಗುಂಟೆ’ಯಾಯಿತೆಂದು ವ್ಯಾಕರಣ ಹೇಳುವ ವೃತ್ತಿಯವನಾದ ನನಗೆ ತೋರುತ್ತದೆ. ಇಂದು ಊರಿನ ಚಹರೆಯೇ ಬೇರೆ. ಹತ್ತಿರದಲ್ಲಿಯೇ ಪೀಣ್ಯದ ಕಾರ್ಖಾನೆಗಳು; 2015ರಿಂದ ದಾಸರಹಳ್ಳಿಗೆ ಮೆಟ್ರೋ ರೈಲು; ಮಹಡಿಯ ಮೇಲೆ ಮಹಡಿ ಕಟ್ಟಿದ ಬಾಡಿಗೆಯ ಮನೆಗಳು. ನೆಲಮಾಳಿಗೆಗಳಲ್ಲಿ ಲೇತು ಯಂತ್ರಗಳ ಗುಂಯ್‌ಗುಟ್ಟುವಿಕೆ. ನಡುನಡುವೆ, ತಗಡಿನ ಮಾಡಿನ ಮೋಟಾರು ಗ್ಯಾರೇಜುಗಳು. ಕಾಲೇಜಿನಿಂದ ಬಂದ ಮೇಲೆ ಈ ಓಣಿಗಳಲ್ಲಿ ಅಡ್ಡಾಡುವುದು ನನಗೊಂದು ಹವ್ಯಾಸ. ಮಲ್ಲೇಶ್ವರದ ಸಾಲುಮರಗಳ ಸೊಬಗು ಇಲ್ಲಿಲ್ಲ, ನಿಜ. ಆದರೆ ಇಲ್ಲಿ ಕೈಗಳು ಕೆಲಸ ಮಾಡುವುದನ್ನು ನಿಂತು ನೋಡಬಹುದು.

ಕುಂಟೆಯಲ್ಲಿ ನೀರೆಷ್ಟಿದೆಯೆಂಬುದನ್ನು ದಡದ ಮೇಲೆ ನಿಂತು ಕಣ್ಣಳತೆಯಿಂದಲೇ ಹೇಳಬಹುದು. ಕಬ್ಬಿಣದ ಟ್ಯಾಂಕಿನೊಳಗಿನ ಪೆಟ್ರೋಲಿನ ಮಾತು ಹಾಗಲ್ಲ. ಅದನ್ನು ಹೇಳಬೇಕಾದದ್ದು ಚಾಲಕನ ಮುಂದಿರುವ ಮುಳ್ಳು. ಅದು ಮೂಕವಾದರೆ ಬಡವನ ಪಾಡು ಏನೆಂಬುದನ್ನು ನಾನು ಕಂಡದ್ದು ಇಂಥದೊಂದು ಗ್ಯಾರೇಜಿನಲ್ಲಿ.

ಹಳೆಯದೊಂದು ವ್ಯಾನು, ಅದರ ಚಾಲಕನೇ ಅದರ ಮಾಲೀಕ. ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಬಾಡಿಗೆ ಹೊಡೆದು ಸಂಸಾರ ಸಾಗಿಸುವವನು. ಮೂರು ತಿಂಗಳಿಂದ ಅದರ ಪೆಟ್ರೋಲು ಮುಳ್ಳು ಸೊನ್ನೆಯಿಂದ ಮೇಲೇಳಲೊಲ್ಲದು. ಓಡಿದ ದೂರವನ್ನು ಚೀಟಿಯಲ್ಲಿ ಬರೆದುಕೊಂಡು, ಮನಸ್ಸಿನಲ್ಲಿಯೇ ಭಾಗಾಕಾರ ಮಾಡಿ ಬಂಡಿ ಓಡಿಸುತ್ತಿದ್ದನು. ವಾಹನಗಳು ತೆವಳುವ ದಿನ ಆ ಲೆಕ್ಕ ತಪ್ಪದೆ ಇದ್ದೀತೆ? ಒಂದು ಬೆಳಗಿನ ಜಾವ ಯಲಹಂಕದ ಬಳಿ ಬಂಡಿ ನಿಂತುಹೋಗಿ, ಒಳಗಿದ್ದವರಿಗೆ ವಿಮಾನ ತಪ್ಪಿತು. ಅವನಿಗೆ ಬಾಡಿಗೆಯೂ, ಆ ಗಿರಾಕಿಯೂ. ಬೇರೆಡೆ ತೋರಿಸಿದರೆ, ಮುಂದಿನ ಮೀಟರು ಹಲಗೆಯನ್ನೇ ಪೂರ್ತಿ ಬದಲಾಯಿಸಬೇಕೆಂದರಂತೆ. ಅವರು ಹೇಳಿದ ಮೊತ್ತ ಮಗಳ ಶಾಲೆಯ ಶುಲ್ಕಕ್ಕಿಂತ ದೊಡ್ಡದು.

“ಅಣ್ಣಾ, ನೀವೇ ಒಂದ್ಸಲ ನೋಡಿಬಿಡಿ. ಆಮೇಲೆ ಹಣ ಹೊಂದಿಸ್ತೀನಿ” ಎಂದನು.

ಮೇಸ್ತ್ರಿ ಐವತ್ತು ದಾಟಿದವರು, ಮಿತಭಾಷಿ. ಬೀಗದ ಕೈ ತಿರುಗಿಸಿ ಮೊದಲು ನೋಡಿದ್ದು ಪಕ್ಕದ ಶಾಖದ ಮುಳ್ಳನ್ನು. ಅದು ಕದಲಿತು. ಆ ಬಂಡಿಯಲ್ಲಿ ಎರಡಕ್ಕೂ ಒಂದೇ ಫ್ಯೂಸು. ಆದುದರಿಂದ ಫ್ಯೂಸು ನಿರ್ದೋಷಿ. ಬಳಿಕ ಹಿಂದಿನ ಆಸನವನ್ನು ಎತ್ತಿ, ಟ್ಯಾಂಕಿನ ನೆತ್ತಿಯ ಮೇಲಿನ ವೈರನ್ನು ಬಿಡಿಸಿದರು.

“ಬೀಡಿ, ಬೆಂಕಿಪೊಟ್ಟಣ ಯಾರ ಹತ್ರಾನೂ ಇರಬಾರದು. ಆಚೆ ಹೋಗಿ” ಎಂದು ಹುಡುಗರನ್ನು ಗದರಿಸಿ, ಬಾಗಿಲುಗಳನ್ನೆಲ್ಲ ತೆರೆಯಿಸಿದರು. ಆ ವೈರಿಗೆ ಚಿಕ್ಕ ಬಲ್ಬೊಂದನ್ನು ಪೋಣಿಸಿ, ಅದರ ಇನ್ನೊಂದು ತುದಿಯನ್ನು ಟ್ಯಾಂಕಿನಿಂದ ದೂರದಲ್ಲಿ, ಬಂಡಿಯ ಮೈಗೆ ಮುಟ್ಟಿಸಿದರು. ಮೂರು ತಿಂಗಳು ಮಲಗಿದ್ದ ಮುಳ್ಳು ಮೆಲ್ಲನೆ ಎದ್ದು ಮೇಲಕ್ಕೆ ನಡೆಯಿತು! ಮುಳ್ಳು ಸರಿಯಾಗಿದೆ, ವೈರೂ ಸರಿಯಾಗಿದೆ. ಹಲಗೆ ಬದಲಾಯಿಸುವ ಮಾತು ಅಲ್ಲಿಗೆ ಬಿದ್ದುಹೋಯಿತು.

“ಎಲ್ಲ ಗಾಡೀಲೂ ಹೀಗೇ ಏಳಲ್ಲ ಮೇಷ್ಟ್ರೇ. ಕೆಲವದರಲ್ಲಿ ಉಲ್ಟಾ, ಕೆಳಕ್ಕೆ ಇಳಿಯತ್ತೆ. ಗಾಡಿ ಯಾವುದು ಅಂತ ತಿಳ್ಕೊಂಡೇ ಕೈ ಹಾಕಬೇಕು” ಎಂದು ನನ್ನ ಕಡೆ ತಿರುಗಿದರು.

ಮರ್ಮವಿಷ್ಟೆ. ಟ್ಯಾಂಕಿನೊಳಗೆ ಪೆಟ್ರೋಲಿನ ಮೇಲೆ ತೇಲುವ ಬುರುಡೆಯೊಂದಿದೆ. ಅದಕ್ಕೊಂದು ಸಣ್ಣ ಕಂಬಿಯ ತೋಳು. ಮಟ್ಟ ಏರಿಳಿದಂತೆ ತೋಳೂ ಏರಿಳಿದು ತಡೆತಂತಿಯ ಮೇಲೆ ಜಾರುತ್ತದೆ. ವಿದ್ಯುತ್ತಿನ ಹರಿವು ಹೆಚ್ಚು ಕಡಿಮೆಯಾಗುತ್ತದೆ. ಹಳೆಯ ಮಾದರಿಯ ಅನೇಕ ಮೀಟರುಗಳಲ್ಲಿ ಆ ವಿದ್ಯುತ್ತು ಎರಡು ಲೋಹಗಳನ್ನು ಬೆಸೆದ ಪಟ್ಟಿಯನ್ನು ಕಾಯಿಸಿ ಬಾಗಿಸುವುದರಿಂದ ಮುಳ್ಳು ಚಲಿಸುತ್ತದೆ. ಪಟ್ಟಿ ಕಾಯಲು ಹೊತ್ತು ಹಿಡಿಯುವುದರಿಂದಲೇ, ರಸ್ತೆಯ ಹೊಂಡಗಳಲ್ಲಿ ಪೆಟ್ರೋಲು ತುಳುಕಾಡಿದರೂ ಮುಳ್ಳು ಕುಣಿದಾಡುವುದಿಲ್ಲ. ಇಷ್ಟು ಸೌಕರ್ಯವೂ ಮೊದಲಿರಲಿಲ್ಲ. ಅಮೆರಿಕದ ಫೋರ್ಡ್ ಮಾಡೆಲ್ ‘ಟಿ’ ಕಾರಿನ ಯಜಮಾನರು ಆಸನದ ಕೆಳಗಿನ ಟ್ಯಾಂಕಿಗೆ ಅಳತೆಯ ಕಡ್ಡಿಯನ್ನು ಇಳಿಬಿಟ್ಟು ನೋಡುತ್ತಿದ್ದರು. ನಮ್ಮ ತಂದೆಯವರ ಕಾಲದ ಸ್ಕೂಟರುಗಳಿಗೂ ‘ರಿಸರ್ವ್’ ತಿರುಪೇ ದಿಕ್ಕು.

ಉಳಿದ ಸಂಶಯಗಳು ಎರಡು: ಟ್ಯಾಂಕಿನ ಅರ್ಥಿಂಗ್ ತಂತಿ ತುಕ್ಕು ಹಿಡಿದಿರಬಹುದು, ಇಲ್ಲವೆ ಒಳಗಿನ ಸಾಧನವೇ ಕೆಟ್ಟಿರಬಹುದು. ತಂತಿಯ ತುದಿಯನ್ನು ಉಜ್ಜಿ ಬಿಗಿದದ್ದಾಯಿತು, ಪ್ರಯೋಜನವಾಗಲಿಲ್ಲ. ಆಗ ಬ್ಯಾಟರಿಯ ಸಂಪರ್ಕವನ್ನು ಕಳಚಿ, ಸಾಧನವನ್ನು ಹುಷಾರಾಗಿ ಹೊರಗೆ ತೆಗೆದು, ಒರೆಸಿ, ಅಂಗಳದಾಚೆಯ ಮೇಜಿನ ಮೇಲಿಟ್ಟರು. ಮಲ್ಟಿಮೀಟರನ್ನು ಹಚ್ಚಿ ತೋಳನ್ನು ಬೆರಳಿನಿಂದ ಮೆಲ್ಲಗೆ ಎತ್ತಿದರೆ ಅಂಕೆಗಳು ಎಲ್ಲಿಯೂ ತಡವರಿಸದೆ ಬದಲಾಗುತ್ತಿವೆ! ತಡೆತಂತಿಯೂ ನಿರಪರಾಧಿ. ಮೇಸ್ತ್ರಿ ಬುರುಡೆಯನ್ನು ಕಿವಿಯ ಬಳಿ ಹಿಡಿದು ಅಲುಗಿಸಿದರು. ಒಳಗೆ ಗುಳುಗುಳು ಸದ್ದು.

“ಕೇಳಿದ್ಯೇನೋ? ತೇಲಬೇಕಾದ್ದೇ ಕುಡಿದು ಮುಳುಗಿದೆ!”

ಕೂದಲೆಳೆಯಂಥ ಸೀಳು. ಅದರೊಳಗೆ ಪೆಟ್ರೋಲು ತುಂಬಿ, ಬುರುಡೆ ತಳ ಸೇರಿ, ಟ್ಯಾಂಕು ತುಂಬಿದ್ದರೂ ಬರಿದೆಂದೇ ವರದಿ ಕಳುಹಿಸುತ್ತಿತ್ತು. ಬೆಸುಗೆ ಹಾಕೋಣವೆ ಎಂದು ಹುಡುಗನೊಬ್ಬ ಕೇಳಿದ್ದಕ್ಕೆ, ಪೆಟ್ರೋಲು ಕುಡಿದ ಬುರುಡೆಯ ಹತ್ತಿರ ಬೆಂಕಿ ತಂದರೆ ಗ್ಯಾರೇಜೇ ಇರದೆಂದು ಬೈಗಳು ಬಿದ್ದವು. ಹಳೆಯ ಸಾಮಾನಿನ ರಾಶಿಯಿಂದ ಅದೇ ಅಳತೆಯ ಬುರುಡೆಯೊಂದು ಸಿಕ್ಕಿತು. ಅದನ್ನು ಸಿಕ್ಕಿಸಿ, ಮುಚ್ಚಳದ ಕೆಳಗೆ ಹೊಸ ರಬ್ಬರು ಬಳೆಯಿಟ್ಟು ಬಿಗಿದು, ಎಲ್ಲಿಯೂ ಒಸರುವುದಿಲ್ಲವೆಂದು ಖಚಿತಪಡಿಸಿಕೊಂಡರು.

ಇಂದಿನ ಕಾರುಗಳಲ್ಲಿ ಪಂಪು, ಬುರುಡೆ, ತಡೆತಂತಿ ಎಲ್ಲವನ್ನೂ ಸಾಮಾನ್ಯವಾಗಿ ಒಂದೇ ಗಂಟಾಗಿ ಜೋಡಿಸಿರುತ್ತಾರೆ. ಒಂದು ಕೆಟ್ಟರೆ ಅನೇಕ ಕಡೆ ಗಂಟನ್ನೇ ಬದಲಾಯಿಸುವುದು ವಾಡಿಕೆ. ಅದರಿಂದ ಹೊತ್ತು ಉಳಿಯುತ್ತದೆ, ಅಲ್ಲಗಳೆಯಲಾರೆ. ಆದರೆ ಆ ಹೊತ್ತಿನ ಬೆಲೆಯನ್ನು ತೆರುವವನು ಇಂಥ ಚಾಲಕ.

ಮೇಸ್ತ್ರಿ ಕೇಳಿದ ಕೂಲಿಯನ್ನು ಚಾಲಕನು ಎರಡು ಸಲ ಕೇಳಿ ಖಚಿತಮಾಡಿಕೊಂಡು, ಜೇಬಿನಲ್ಲಿದ್ದ ಹಣದಿಂದಲೇ ಕೊಟ್ಟನು. ಸಾಲದ ಮಾತು ಬರಲಿಲ್ಲ. ಬೀಗದ ಕೈ ತಿರುಗಿಸಿದಾಗ ಮುಳ್ಳು ನಿಧಾನವಾಗಿ ಎದ್ದು, ಅರ್ಧಕ್ಕಿಂತ ತುಸು ಮೇಲೆ ನಿಂತಿತು. ಅವನು ಜೇಬಿನಿಂದ ಲೆಕ್ಕದ ಚೀಟಿಯನ್ನು ತೆಗೆದು, ಮುಳ್ಳಿನೊಡನೆ ಹೋಲಿಸಿ ನೋಡಿ, ಮತ್ತೆ ಮಡಿಸಿ ಜೇಬಿಗೇ ಇಟ್ಟುಕೊಂಡನು.

“ಇನ್ನೂ ಒಂದು ವಾರ ಬರೀತೀನಿ ಅಣ್ಣಾ” ಎಂದನು.

“ಬರಿ, ಬರಿ” ಎಂದರು ಮೇಸ್ತ್ರಿ, ಕೈ ಒರೆಸಿಕೊಳ್ಳುತ್ತ.